ಮುಳ್ಳು ಎತ್ತುವ ಮುನ್ನ

“ಅಜ್ಜಾರ, ನಿಮ್ಮ ಮಾತಿನಾಗ ಯಾವುದನ್ನ ಇಟ್ಕೋಬೇಕು, ಯಾವುದನ್ನ ತಗೀಬೇಕು?”

ಶಿಷ್ಯ ಗುರುಶಾಂತ ಈ ಪ್ರಶ್ನೆ ಕೇಳಿದ್ದು ಒಂದು ಬೆಳಿಗ್ಗೆ, ಮಠದಲ್ಲಿ ಪ್ರಸಾದದ ಗಂಟೆ ಹೊಡೆಯುವುದಕ್ಕೆ ಸ್ವಲ್ಪ ಮೊದಲು. ಮಠದ ಹಿರಿಯ ಸ್ವಾಮಿಗಳನ್ನು ಸುತ್ತಿನ ಊರವರೆಲ್ಲ ಅಜ್ಜಾರು ಎಂದೇ ಕರೆಯುತ್ತಾರೆ. ಆ ವರ್ಷ ಅಜ್ಜನವರ ಗಂಟಲು ಕೆಟ್ಟಿತ್ತು. ಮಾತು ಕಡಿಮೆ ಮಾಡಬೇಕು, ಇಲ್ಲವಾದರೆ ದನಿಯೇ ಹೋದೀತು ಎಂದು ಡಾಕ್ಟರು ಹೆದರಿಸಿದ್ದರು. ಅಜ್ಜನವರು ಹೆದರಲಿಲ್ಲ, ಗುರುಶಾಂತ ಹೆದರಿದ. ಅಂದಿನಿಂದ ಅವರ ಪ್ರವಚನಗಳನ್ನೆಲ್ಲ ಮೊಬೈಲಿನಲ್ಲಿ ಹಿಡಿದು, ಬೇಡದ್ದನ್ನು ಕತ್ತರಿಸಿ, ಚೊಕ್ಕ ಮಾಡಿ ಕೂಡಿಡುವ ಕೆಲಸವನ್ನು ತಾನೇ ಮೈಮೇಲೆ ಹಾಕಿಕೊಂಡ. ಆ ಗುಂಗಿನಲ್ಲಿ ಹಿಂದಿನ ದಿನ ಅವನು ಪ್ರಸಾದದ ಊಟಕ್ಕೂ ಹೋಗಿರಲಿಲ್ಲ.

“ಇಲ್ಲೀತನಕ ಏನೇನು ತಗದೀಪಾ?” ಎಂದರು ಅಜ್ಜನವರು.

“ಕೆಮ್ಮು ತಗದೀನ್ರಿ. ನಡುವ ಯಾರರೆ ಬಂದ್ರ ‘ಬರ್ರಿ, ಮುಂದ ಬಂದು ಕೂಡ್ರಿ’ ಅಂತೀರಲ್ರಿ, ಅದನ್ನ ತಗದೀನಿ. ಕಡೀಕ ಪ್ರತಿ ಸಲಾನೂ ‘ಊಟ ಆತೇನು? ಉಂಡು ಹೋಗ್ರಿ’ ಅಂತ ಎಲ್ಲಾರನ್ನೂ ಕೇಳ್ತೀರಿ. ಅದನ್ನೂ ತಗದೀನ್ರಿ. ಅದರಾಗ ತತ್ತ್ವ ಏನಿಲ್ಲ ನೋಡ್ರಿ.”

“ಇಲ್ಲ ಬಿಡು, ಏನಿಲ್ಲ,” ಎಂದು ಅಜ್ಜನವರು ನಕ್ಕರು. “ಕೈಯಾಗ ಕತ್ತರಿ ಇದ್ದವಗ ಅರಿವಿ ಎಲ್ಲಾ ಉದ್ದಾನ ಕಾಣತೈತಿ. ಕೂಡು, ಒಂದು ಕತಿ ಹೇಳ್ತೀನಿ. ಬೇಕಾದ್ರ ಇದನ್ನೂ ಹಿಡಕೋ.”

ಗುರುಶಾಂತ ಮೊಬೈಲನ್ನು ಅವರ ಮುಂದಿನ ಮಣೆಯ ಮೇಲಿಟ್ಟು ಗುಂಡಿ ಒತ್ತಿದ. ಅಜ್ಜನವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಅವನದು ಅರಳೆ ವ್ಯಾಪಾರ. ತೂಕದಲ್ಲಿ, ಮಾತಿನಲ್ಲಿ ಬಲು ನಿಯತ್ತಿನ ಮನುಷ್ಯ. ಒಂದೇ ಒಂದು ವಿಷಯದಲ್ಲಿ ಮಾತ್ರ ಹುಚ್ಚ. ಹಳೆಯ ಗ್ರಾಮಾಫೋನು ಎಲ್ಲೋ ಇದೆ ಎಂದು ಕಿವಿಗೆ ಬಿದ್ದರೆ ಸಾಕು, ಗಿರಾಕಿಯನ್ನು ಅಂಗಡಿಯಲ್ಲೇ ಕೂರಿಸಿ ಎದ್ದು ಹೋಗುತ್ತಿದ್ದ. ಹುಚ್ಚು ಯಾರಿಗಿಲ್ಲ? ಕೆಲವರಿಗೆ ಹೊಲದ ಹುಚ್ಚು, ಕೆಲವರಿಗೆ ಹೆಸರಿನ ಹುಚ್ಚು, ನಮ್ಮಂಥವರಿಗೆ ಉಪದೇಶದ ಹುಚ್ಚು. ಅವನದು ಯಾರಿಗೂ ಕೇಡು ಮಾಡುವ ಹುಚ್ಚಲ್ಲ.

ಆ ಕಾಲಕ್ಕೆ ರೇಡಿಯೋ ಬಂದು ಹಳತಾಗಿತ್ತು, ಟೇಪು ಬಂದಿತ್ತು. ಕೀಲಿ ಕೊಟ್ಟು ತಿರುಗಿಸುವ ಪೆಟ್ಟಿಗೆ ಯಾರಿಗೂ ಬೇಡವಾಗಿತ್ತು. ಒಂದು ಮನೆಯಲ್ಲಿ ಗ್ರಾಮಾಫೋನಿನ ಕಹಳೆಯನ್ನು ಚೀಲಕ್ಕೆ ಕಾಳು ತುಂಬಲು ಬಳಸುತ್ತಿದ್ದರು. ಇನ್ನೊಂದು ಮನೆಯಲ್ಲಿ ಪೆಟ್ಟಿಗೆಯೊಳಗೆ ಕೋಳಿ ಕಾವಿಗೆ ಕೂತಿತ್ತು. ಮರಿ ಆದಮೇಲೆ ಬರ್ರಿ ಎಂದಳು ಆ ಮನೆಯ ಯಜಮಾನಿ. ವರ್ತಕ ಮರಿಯಾಗುವವರೆಗೆ ಕಾದು, ಮತ್ತೆ ಹೋಗಿ, ಆ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ಬಸ್ಸಿನಲ್ಲಿ ತಂದ. ತಂದದ್ದನ್ನು ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು, ಮತ್ತೆ ಹಾಡುವಂತೆ ಮಾಡುತ್ತಿದ್ದ. ಅವನ ಮನೆಯ ಪಡಸಾಲೆಯಲ್ಲಿ ಕೂರಲು ಜಾಗವಿರಲಿಲ್ಲ. ಬಂದ ಬೀಗರು ನಿಂತೇ ಚಹಾ ಕುಡಿಯಬೇಕು. ಅವನ ಹೆಂಡತಿ ಒಳ್ಳೆಯವಳು. “ನಮ್ಮನಿಯವರಿಗೆ ಕೊಂಬಿದ್ದ ಹೆಣ್ಣ ಮಕ್ಕಳು ಭಾಳ ಅದಾರ” ಎಂದು ಆ ಕಹಳೆಗಳನ್ನು ತೋರಿಸಿ ನಗುತ್ತಿದ್ದಳು.

ಅವನ ಬಳಿ ಹಾಡಿನ ಪ್ಲೇಟುಗಳೂ ರಾಶಿ ಇದ್ದವು. ಅರಗಿನ ಕರಿ ಪ್ಲೇಟುಗಳು, ಕೈ ತಪ್ಪಿದರೆ ಹಪ್ಪಳ. ಎರಡು ಪ್ಲೇಟಿನ ನಡುವೆ ಒಂದು ಪದರ ಅರಳೆ ಹಾಸಿ ಇಡುತ್ತಿದ್ದ. ಅರಳೆಗೆ ಅವನಲ್ಲಿ ಬರವೇ?

ಎಲ್ಲದರಲ್ಲೂ ಅವನ ಜೀವದಂಥದ್ದು ಒಂದು ಪ್ಲೇಟು. ಅದು ಅವನಿಗೆ ಸಿಕ್ಕಿದ್ದು ಒಂದು ಹಳ್ಳಿಯ ಅಡಿಗೆಮನೆಯಲ್ಲಿ, ಉಪ್ಪಿನಕಾಯಿ ಭರಣಿಯ ಮೇಲೆ, ಮುಚ್ಚಳವಾಗಿ. ನಡುವಿನ ಕಾಗದದ ಚೀಟಿಯ ಮೇಲೆ ಹೆಸರು ಮಾಸಿ ಉಳಿದಿತ್ತು. ರೋಣದ ಶೇವಂತಿಬಾಯಿ. ಆ ಹೆಸರನ್ನು ಅವನೂ ಕೇಳಿರಲಿಲ್ಲ, ಅವನಂತೆ ಪ್ಲೇಟು ಕೂಡಿಸುವ ಗೆಳೆಯರೂ ಕೇಳಿರಲಿಲ್ಲ. ಒಯ್ಯಲೇ ಎಂದು ಕೇಳಿದ. “ಒಯ್ಯಿರಿ, ಆದ್ರ ಭರಣಿಗೆ ಏನ ಮುಚ್ಚಲಿ?” ಎಂದರು ಮನೆಯವರು. ಊರಿಗೆ ಹೋಗಿ ಒಂದು ಹಿತ್ತಾಳೆ ತಟ್ಟೆ ತಂದುಕೊಟ್ಟು, ಪ್ಲೇಟನ್ನು ಪಡೆದು ಬಂದ. ಉಪ್ಪಿನಕಾಯಿಯ ಖಾರ ಅದಕ್ಕೆ ತಾಗಿರಲಿಲ್ಲ. ಮೆತ್ತಗೆ ಒರೆಸಿ ಯಂತ್ರಕ್ಕೆ ಹಚ್ಚಿದ.

ಹಾಡು ಬಂತು. ವರ್ತಕ ನಿಂತವನು ಕೂತ. ಆ ದನಿ ಎಂಥದ್ದೆಂದು ನನಗೆ ಹೇಳಲು ಬಾರದು. ನಾನು ಕೇಳಿಲ್ಲ, ಇನ್ನು ಮುಂದೆ ಯಾರೂ ಕೇಳುವಂತಿಲ್ಲ. ಅವನು ಮಾತ್ರ ಅಂದಿನಿಂದ ದಿನವೂ ಅಂಗಡಿ ಮುಚ್ಚಿ ಬಂದು, ಕೈಕಾಲು ತೊಳೆದು, ಆ ಪ್ಲೇಟಿನ ಮುಂದೆ ಕೂರುತ್ತಿದ್ದ. ಪ್ಲೇಟಿನ ಗೆರೆಯಲ್ಲಿ ಓಡುವ ಮುಳ್ಳನ್ನು ಒಂದು ಸಲ ಬಳಸಿದ ಮೇಲೆ ಇನ್ನೊಂದು ಸಲ ಬಳಸುತ್ತಿರಲಿಲ್ಲ. ಹೊಸ ಉಕ್ಕಿನ ಮುಳ್ಳು ಸಿಕ್ಕಿಸಿ, ಪೂರ್ತಿ ಕೀಲಿ ಕೊಟ್ಟು, ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಮನೆಯಲ್ಲಿ ಆ ಹೊತ್ತಿಗೆ ಯಾರೂ ಪಾತ್ರೆ ಸಪ್ಪಳ ಮಾಡುವಂತಿರಲಿಲ್ಲ.

ಆದರೆ ಹಾಡಿನ ಕೊನೆ ಹತ್ತಿರ ಬಂದಂತೆ ಅವನ ಕಣ್ಣು ತೆರೆಯುತ್ತಿತ್ತು, ಬಲಗೈ ಮುಳ್ಳಿನ ಬಳಿ ಬಂದು ನಿಲ್ಲುತ್ತಿತ್ತು. ಕೊನೆಯ ಸ್ವರ ಮುಗಿದ ಕ್ಷಣವೇ ಮುಳ್ಳು ಎತ್ತಿಬಿಡುತ್ತಿದ್ದ. ಅದಕ್ಕೆ ಅವನಿಗೆ ಕಾರಣಗಳಿದ್ದವು.

ಆ ಪ್ಲೇಟುಗಳನ್ನು ಮಾಡಿದ ಹಳೆಯ ಕಾಲದಲ್ಲಿ ಒಂದು ರೂಢಿಯಿತ್ತು. ಹಾಡು ಹಿಡಿಯಲು ಬಂದವರು ಪರದೇಶದವರು, ಪ್ಲೇಟು ಅಚ್ಚಾಗುತ್ತಿದ್ದುದು ಸಮುದ್ರದ ಆಚೆ. ಅಲ್ಲಿಯವರಿಗೆ ನಮ್ಮ ಭಾಷೆ ತಿಳಿಯದು, ಯಾವ ಹಾಡು ಯಾರದೆಂದು ಗೊತ್ತಾಗದು. ಅದಕ್ಕಾಗಿ ಹಾಡು ಮುಗಿದ ಕೂಡಲೇ ಹಾಡಿದವರು ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಕೂಗಿ ಹೇಳಬೇಕಿತ್ತು. ವರ್ತಕ ಬೇರೆ ಪ್ಲೇಟುಗಳಲ್ಲಿ ಈ ಕೂಗನ್ನು ಕೇಳಿದ್ದ. ಅವನಿಗೆ ಅದು ಸೇರುತ್ತಿರಲಿಲ್ಲ. ಮಂಗಳಾರತಿ ಆದ ಕೂಡಲೇ ಪೂಜಾರಿ ತನ್ನ ಹೆಸರು ಕೂಗಿದರೆ ಹೇಗಿರುತ್ತದೆ ಎಂದು ಕೇಳುತ್ತಿದ್ದ. ಶೇವಂತಿಬಾಯಿಯ ಬಾಯಲ್ಲಿ ಅಂಥ ಕೂಗು ಕೇಳುವುದು ಅವನಿಗೆ ಬೇಡವಾಗಿತ್ತು. ಇನ್ನೊಂದು, ಆ ಪ್ಲೇಟುಗಳಲ್ಲಿ ಗೆರೆ ಮುಗಿದ ಮೇಲೆ ಮುಳ್ಳನ್ನು ತಡೆಯುವಂಥದ್ದು ಏನೂ ಇರಲಿಲ್ಲ. ಹಾಗೇ ಬಿಟ್ಟರೆ ಅದು ಒಳಕ್ಕೆ ಜಾರಿ, ನಡುವಿನ ಚೀಟಿಯನ್ನು ಪರಪರ ಗೀರುತ್ತಿತ್ತು. ಪ್ಲೇಟು ಕೂಡಿಸುವವರಲ್ಲಿ ಚೀಟಿ ಗೀರಿದವನೆಂದರೆ ಒರಟ. ಯಾರ ಪ್ಲೇಟಿನ ಚೀಟಿ ಹೊಸದಾಗಿದೆಯೋ ಅವನು ಜಾಣ. ಇಂಥವರು ಪ್ಲೇಟು ಕೈಗೆ ಬಂದರೆ ಮೊದಲು ಕೇಳುವುದಿಲ್ಲ, ಚೀಟಿ ನೋಡುತ್ತಾರೆ.

“ಹಚ್ಚೂದು ಯಾರಿಗಾದ್ರೂ ಬರತೈತಿ. ಎತ್ತೂದು ಬರಬೇಕು” ಎಂದು ವರ್ತಕ ಬಂದವರಿಗೆಲ್ಲ ಹೇಳುತ್ತಿದ್ದ.

ಅವನಿಗೊಬ್ಬ ಗೆಳೆಯನಿದ್ದ. ಅವನೂ ಇದೇ ಹುಚ್ಚಿನವನು, ಆದರೆ ಬೇರೆ ಜಾತಿಯ ಹುಚ್ಚು. ತನ್ನ ಪ್ಲೇಟುಗಳನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದ. ಒಂದನ್ನೂ ಕೇಳುತ್ತಿರಲಿಲ್ಲ. ಕೇಳಿದರೆ ಸವೆಯುತ್ತವೆ ಎನ್ನುತ್ತಿದ್ದ. ಅವನು ವರ್ತಕನಿಗೆ ಎಚ್ಚರಿಕೆ ಹೇಳಿದ. ಮುಳ್ಳು ಉಕ್ಕಿನದು, ಪ್ಲೇಟು ಅರಗಿನದು, ದಿನವೂ ಹಚ್ಚುತ್ತಿದ್ದರೆ ಒಂದು ದಿನ ಆ ಶೇವಂತಿಬಾಯಿಯ ದನಿ ಇರುವುದಿಲ್ಲ, ಬರೀ ಗೆರೆ ಇರುತ್ತದೆ ಎಂದ. ವರ್ತಕನಿಗೂ ಇದು ಗೊತ್ತಿಲ್ಲದ್ದಲ್ಲ. ಎಷ್ಟೋ ಸಲ ಇವತ್ತು ಬೇಡ ಎಂದುಕೊಂಡು ಊಟಕ್ಕೆ ಕೂತವನು, ಎದ್ದು ಬಂದು ಹಚ್ಚುತ್ತಿದ್ದ. ಬೇಕಾದದ್ದನ್ನು ಮುಂದಿಟ್ಟುಕೊಂಡು ಉಪವಾಸ ಮಾಡುವುದು ಎಲ್ಲರಿಗೂ ಸಾಧ್ಯವಲ್ಲ.

ಗೆಳೆಯ ಹೇಳಿದ್ದೇ ಆಯಿತು. ವರ್ಷಗಳು ಕಳೆದಂತೆ ಹಾಡಿನ ಮೇಲೆ ಸರಸರ ಸದ್ದು ಕೂತಿತು. ಮೊದಲು ತಂಬೂರಿ ಹೋಯಿತು, ಆಮೇಲೆ ಮಾತುಗಳು ಹೋದವು. ಆಮೇಲೆ ದನಿಯೂ ಗೋಡೆಯ ಆಚೆಗೆ ಸರಿಯಿತು. ಒಂದು ಸಂಜೆ ಪ್ಲೇಟು ತಿರುಗಿತು, ಮುಳ್ಳು ಓಡಿತು, ಸರಸರ ಬಿಟ್ಟು ಏನೂ ಬರಲಿಲ್ಲ. ವರ್ತಕ ಅಭ್ಯಾಸದಂತೆ ಕೊನೆಯಲ್ಲಿ ಮುಳ್ಳು ಎತ್ತಿದ. ಪ್ಲೇಟನ್ನು ಅರಳೆಯಲ್ಲಿ ಸುತ್ತಿ ಮೇಲಿನ ಗೂಡಿನಲ್ಲಿಟ್ಟ. ಮನೆಯಲ್ಲಿ ಯಾರೋ ತೀರಿಕೊಂಡಂತೆ ಅವನ ಹೆಂಡತಿ ಅಂದು ಅವನನ್ನು ಮಾತಾಡಿಸಲಿಲ್ಲ.

ಇಲ್ಲಿ ಗುರುಶಾಂತ ತಡೆಯಲಾರದೆ ನಡುವೆ ಬಾಯಿ ಹಾಕಿದ. “ಅಂದ್ರ ಅಜ್ಜಾರ, ಭಾಳ ಕೇಳಿದ್ದು ತಪ್ಪಾತೇನ್ರಿ?”

“ತಪ್ಪು ಯಾಕ? ನಿಮ್ಮವ್ವನ ಮನಿ ಒರಳು ನೋಡೀದಿಲ್ಲೋ? ರುಬ್ಬಿ ರುಬ್ಬಿ ಸವದಿರತೈತಿ. ಆ ಮನ್ಯಾಗ ಮಂದಿ ಉಂಡಾರ ಅಂತ ಅರ್ಥ. ಅಂವ ಪ್ರೀತಿಲೆ ಸವಿಸಿದ, ಅದಕ್ಕ ನನ್ನ ತಕರಾರಿಲ್ಲ. ಸುಮ್ಮನ ಕೇಳು.”

ಅಜ್ಜನವರು ಒಂದು ಗುಟುಕು ನೀರು ಕುಡಿದು ಮುಂದುವರಿಸಿದರು.

ಆ ಊರಿನಲ್ಲಿ ಕೌದಿ ಹೊಲಿದು ಬದುಕುವ ಒಬ್ಬ ಮುದುಕಿಯಿದ್ದಳು. ಹಳೆಯ ಸೀರೆ ಕೊಟ್ಟರೆ ಹೊದೆಯಲು ಕೌದಿ ಮಾಡಿಕೊಡುತ್ತಿದ್ದಳು. ವರ್ತಕನ ಹೆಂಡತಿ ಮೊಮ್ಮಗಳ ತೊಟ್ಟಿಲಿಗೆಂದು ಒಂದು ಸಣ್ಣ ಕೌದಿ ಹೇಳಿದ್ದಳು. ಅದನ್ನು ಕೊಡಲು ಮುದುಕಿ ಬಂದ ಹೊತ್ತಿಗೆ ವರ್ತಕ ಯಾರೋ ಅತಿಥಿಗೆ ತನ್ನ ಸಂಗ್ರಹ ತೋರಿಸುತ್ತಿದ್ದ. ಎಲ್ಲ ತೋರಿಸಿ, ಕೊನೆಗೆ ಮೇಲಿನ ಗೂಡಿನತ್ತ ಕೈ ಮಾಡಿ, ಅಲ್ಲೊಂದು ರತ್ನವಿತ್ತು, ರೋಣದ ಶೇವಂತಿಬಾಯಿ ಎಂದು, ನಾನೇ ಕೇಳಿ ಕೇಳಿ ತಿಂದುಬಿಟ್ಟೆ ಎಂದ. ಅತಿಥಿ ಲೊಚಗುಟ್ಟಿ ಹೊರಟುಹೋದ. ಮುದುಕಿ ಮಾತ್ರ ಬಾಗಿಲಲ್ಲಿ ಹಾಗೇ ನಿಂತಿದ್ದಳು.

“ಆಕಿ ನಮ್ಮವ್ವ ರೀ,” ಎಂದಳು.

ವರ್ತಕ ಅವಳನ್ನು ಒಳಗೆ ಕರೆದು ಕೂರಿಸಿದ. ಅವಳು ಹೇಳಿದ್ದು ಇಷ್ಟು. ಅವಳಿನ್ನೂ ಮೊಲೆ ಕುಡಿಯುವ ಕೂಸಾಗಿದ್ದಾಗಲೇ ತಾಯಿ ಜ್ವರದಲ್ಲಿ ತೀರಿಕೊಂಡಳು. ಬೆಳೆಸಿದವಳು ಸೋದರತ್ತೆ. ಆ ಅತ್ತೆಗೆ ತಮ್ಮನ ಹೆಂಡತಿ ಹಾಡುವುದೆಂದರೆ ಆಗುತ್ತಿರಲಿಲ್ಲ. ಕೂಸು ಹಸಿದು ಅಳುತ್ತಿದ್ದರೂ ನಿಮ್ಮವ್ವ ತಿರುಗಿ ನೋಡಲಿಲ್ಲ, ಆ ಯಂತ್ರದ ಕಹಳೆಯೊಳಗೆ ಮುಖ ಇಟ್ಟು ಹಾಡಿದಳು, ಆಕಿಗೆ ನಿನಗಿಂತ ಹಾಡು ಹೆಚ್ಚಾಗಿತ್ತು ಎಂದು ಬುದ್ಧಿ ಬಂದಾಗಿನಿಂದ ಹೇಳಿ ಹೇಳಿ ಬೆಳೆಸಿದಳು. ಅತ್ತೆಯೂ ಸತ್ತಳು, ಮಾತು ಸಾಯಲಿಲ್ಲ. ಮದುವೆಮನೆಯಲ್ಲಿ ಯಾರಾದರೂ ಹಾಡು ಶುರು ಮಾಡಿದರೆ ಇವಳು ಎದ್ದು ಹೋಗುತ್ತಿದ್ದಳು. ತನ್ನ ಮಕ್ಕಳನ್ನೂ ಜೋಗುಳ ಹಾಡದೆಯೇ ಮಲಗಿಸಿದಳು. ಊರವರು ಅವಳನ್ನು ಗಡಸು ಹೆಂಗಸು ಎಂದರು. ಅವಳು ಗಡಸಲ್ಲ, ಒಳಗೊಂದು ಗಾಯವಿಟ್ಟುಕೊಂಡು ಮುದುಕಿಯಾದವಳು.

“ಅಳೂ ಕೂಸಿದ್ದ ನನ್ನ ಬಿಟ್ಟು ಹಾಡೂವಂಥಾದ್ದು ಅದರಾಗ ಏನಿತ್ತು ಅಂತ ಒಮ್ಮೆ ಕೇಳಬೇಕ್ರಿ,” ಎಂದಳು. “ಅಷ್ಟು ಚಲೋ ಹಾಡಿದ್ಲು ಅಂದ್ರ, ಹೋಗ್ಲಿ, ಮಾಫ್ ಮಾಡೇನು.”

ವರ್ತಕ ತಲೆ ತಗ್ಗಿಸಿದ. ಹಾಡು ಅಷ್ಟು ಚಲೋ ಇತ್ತು. ಅದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಈ ಮುದುಕಿ ಇಷ್ಟು ವರ್ಷ ಇದೇ ಊರಿನಲ್ಲಿದ್ದಳು, ಎರಡು ಓಣಿಯಾಚೆ. ದನಿ ಇದ್ದಾಗ ಬಂದಿದ್ದರೆ ಕೇಳಿಸಬಹುದಿತ್ತು. ಅವಳ ಪಾಲಿನದನ್ನೂ ತಾನೇ ಉಂಡು ಕೂತಿದ್ದೇನೆ ಎಂದು ಅವನಿಗೆ ಅನಿಸಿತು. ಹಾಗೆಯೇ ಹೇಳಿದ, ಮುಚ್ಚಿಡಲಿಲ್ಲ. ಹಾಡು ಹೋಯಿತವ್ವಾ, ಈಗ ಬರೀ ಸಪ್ಪಳ ಐತಿ ಎಂದ.

“ಸಪ್ಪಳಾನ ಕೇಳಸ್ರಿ” ಎಂದಳು ಮುದುಕಿ.

ವರ್ತಕ ಗೂಡಿನಿಂದ ಪ್ಲೇಟು ಇಳಿಸಿದ. ಅರಳೆ ಬಿಡಿಸಿದ. ಹೊಸ ಮುಳ್ಳು ಸಿಕ್ಕಿಸಿ, ಕೀಲಿ ಕೊಟ್ಟು, ಹಚ್ಚಿದ. ಸರಸರ ಶುರುವಾಯಿತು. ಮುದುಕಿ ಕಹಳೆಯ ಬಾಯಿಗೆ ಕಿವಿ ಕೊಟ್ಟು ಕೂತಳು. ವರ್ತಕನ ಮನಸ್ಸಿನಲ್ಲಿ ಹಾಡು ನಡೆದಿತ್ತು, ಇಲ್ಲಿ ಏರುತ್ತದೆ, ಇಲ್ಲಿ ಇಳಿಯುತ್ತದೆ ಎಂದು ಅವನಿಗೆ ಪ್ರತಿ ತಿರುವೂ ಗೊತ್ತು. ಮುದುಕಿಗೆ ಏನೂ ಸಿಗಲಿಲ್ಲ. ಅವಳು ಇನ್ನಷ್ಟು ಬಾಗಿದಳು. ಒಲೆಯ ಮೇಲೆ ಏನೋ ಸೀಯುತ್ತಿದ್ದರೂ ವರ್ತಕನ ಹೆಂಡತಿ ಎದ್ದು ಹೋಗದೆ ಕಂಬಕ್ಕೆ ಒರಗಿ ನಿಂತಿದ್ದಳು.

ಹಾಡು ಮುಗಿಯುವ ಜಾಗ ಬಂತು. ವರ್ತಕನ ಕೈ ತಾನೇ ತಾನಾಗಿ ಮುಳ್ಳಿನ ಬಳಿ ಬಂತು. ಎತ್ತಬೇಕು, ಅಷ್ಟರಲ್ಲಿ ಮುದುಕಿ ಆ ಕೈ ಹಿಡಿದಳು.

“ಇನ್ನೂ ತಿರಗಾಕತ್ತೈತಲ್ರಿ.”

ಅವಳಿಗೆ ಯಂತ್ರ ಗೊತ್ತಿಲ್ಲ, ಮುಳ್ಳು ಗೊತ್ತಿಲ್ಲ, ಚೀಟಿ ಗೀರಿದರೆ ಒರಟರೆನ್ನುತ್ತಾರೆ ಎಂಬುದೂ ಗೊತ್ತಿಲ್ಲ. ತಿರುಗುತ್ತಿದೆ, ಅಂದಮೇಲೆ ಮುಗಿದಿಲ್ಲ, ಅವಳಿಗೆ ತಿಳಿದದ್ದು ಅಷ್ಟೇ. ಹೆಂಗಸಿನ ಕೈಯಿಂದ ಕೈ ಕೊಸರಿಕೊಳ್ಳುವುದು ವರ್ತಕನಿಗೆ ಸರಿ ಕಾಣಲಿಲ್ಲ. ಸುಮ್ಮನಿದ್ದ. ಮುಳ್ಳು ಒಳಗಿನ ಗೆರೆಗಳಿಗೆ ಇಳಿಯಿತು. ಆ ಗೆರೆಗಳ ಮೇಲೆ ಅವನ ಮುಳ್ಳು ಅಲ್ಲಿಯವರೆಗೆ ಒಮ್ಮೆಯೂ ಓಡಿರಲಿಲ್ಲ. ಅಲ್ಲಿ ಸವೆತವಿರಲಿಲ್ಲ.

ಸರಸರ ಸದ್ದು ಒಮ್ಮೆಲೇ ನಿಂತಿತು. ಪಡಸಾಲೆಯಲ್ಲಿ ಒಬ್ಬ ಹರೆಯದ ಹೆಂಗಸು ಗಟ್ಟಿಯಾಗಿ, ಸ್ವಲ್ಪ ನಾಚಿಕೆಯಿಂದ, ಕೂಗಿ ಹೇಳಿದಳು.

“ನಾನು ರೋಣದ ಶೇವಂತಿಬಾಯಿ!”

ವರ್ತಕ ಬೆಚ್ಚಿಬಿದ್ದ. ಅವಳು ಎದುರಿಗೇ ನಿಂತಂತಿತ್ತು. ಇಷ್ಟು ವರ್ಷ ಬೇಡವೆಂದು ಬಿಟ್ಟ ಕೂಗು ಅದು. ಆದರೆ ಅದೂ ಕೊನೆಯಲ್ಲ. ಹಾಡು ಹಿಡಿಯುವ ಪರದೇಶಿ ಆ ದಿನ ಯಂತ್ರ ನಿಲ್ಲಿಸುವುದನ್ನು ಒಂದು ಗಳಿಗೆ ತಡ ಮಾಡಿದ್ದಿರಬೇಕು. ಹೆಸರು ಹೇಳಿದವಳು ತನ್ನ ಕೆಲಸ ಮುಗಿಯಿತೆಂದು, ಕಹಳೆಯಿಂದ ಮುಖ ತಿರುಗಿಸುತ್ತ, ಕೋಣೆಯಲ್ಲಿದ್ದ ಯಾರಿಗೋ ಹೇಳಿದ ಮಾತು ಕೂಡ ಅಲ್ಲಿ ಉಳಿದಿತ್ತು. ಮೆಲ್ಲಗಿನ ಮಾತು. ಅವಸರದ ಮಾತು.

“ಮುಗೀತಲ್ರಿ? ಕೂಸಿನ್ನ ಇತ್ತ ಕೊಡ್ರಿ, ಲಗೂ ಕೊಡ್ರಿ. ಆವಾಗಿಂದ ಹಸದೈತಿ ಅದು.”

ಆಮೇಲೆ ಮುಳ್ಳು ಜಾರಿತು. ನಡುವಿನ ಚೀಟಿಯನ್ನು ಪರಪರ ಗೀರುತ್ತ ಸುತ್ತತೊಡಗಿತು. ಅಷ್ಟು ವರ್ಷ ಹೆದರಿ ಕಾಪಾಡಿದ ಚೀಟಿ ಕಣ್ಣೆದುರೇ ಹರಿದುಹೋಗುತ್ತಿತ್ತು. ಮುದುಕಿ ಹಿಡಿದ ಕೈ ಬಿಟ್ಟಿದ್ದಳು, ಆದರೆ ವರ್ತಕನಿಗೆ ಎತ್ತಬೇಕೆಂದು ಹೊಳೆಯಲಿಲ್ಲ. ಕೀಲಿ ಇಳಿದು ಯಂತ್ರ ತಾನೇ ನಿಂತಿತು.

ಮುದುಕಿ ಬಹಳ ಹೊತ್ತು ಕಹಳೆಯ ಬಾಯಿಯಿಂದ ಕಿವಿ ತೆಗೆಯಲಿಲ್ಲ. ವರ್ತಕನ ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ವರ್ತಕ, ಇನ್ನೊಮ್ಮೆ ಹಚ್ಚಲೇನವ್ವಾ ಎಂದು ಕೇಳಿದ.

“ಬ್ಯಾಡ್ರಿ, ಸವೀತೈತಿ,” ಎಂದಳು ಮುದುಕಿ. “ಹೊಟ್ಟಿ ತುಂಬ್ತು.”

ಪ್ಲೇಟನ್ನೂ ಒಂದು ಪೆಟ್ಟಿಗೆಯನ್ನೂ ನಿನ್ನ ಮನೆಗೆ ಕಳಿಸುತ್ತೇನೆ, ಅದು ನಿನ್ನದು ಎಂದು ವರ್ತಕ ಹೇಳಿದ. ಅವನಂಥವನ ಬಾಯಲ್ಲಿ ಆ ಮಾತು ಸಣ್ಣದಲ್ಲ. ಮುದುಕಿ ಒಪ್ಪಲಿಲ್ಲ. ನಮ್ಮನಿಯಾಗ ಮಕ್ಕಳು ಒಡೀತಾವು, ನಿಮ್ಮ ಅರಳ್ಯಾಗ ಇರಲಿ ಎಂದಳು. ಸೂಜಿ ದಾರದ ಚೀಲ ಹೆಗಲಿಗೇರಿಸಿ ಹೊರಟವಳು ಬಾಗಿಲ ಬಳಿ ತೊಟ್ಟಿಲ ಮುಂದೆ ನಿಂತಳು. ಒಳಗೆ ವರ್ತಕನ ಮೊಮ್ಮಗಳು ಎಚ್ಚರವಾಗಿ ಕೈ ಆಡಿಸುತ್ತಿದ್ದಳು. ಮುದುಕಿ ತಾನು ಹೊಲಿದ ಕೌದಿಯನ್ನು ಕೂಸಿಗೆ ಹೊದಿಸಿ, ತೊಟ್ಟಿಲು ತೂಗಿ, ಏನೋ ಗುನುಗಿದಳು. ರಾಗವಿರಲಿಲ್ಲ, ತಾಳವಿರಲಿಲ್ಲ, ಅಭ್ಯಾಸವಿಲ್ಲದ ಕೊರಳು ಒಡೆದೊಡೆದು ಬರುತ್ತಿತ್ತು. ವರ್ತಕ ಅದನ್ನು ಕೊನೆಯವರೆಗೆ ಕೇಳಿದ.

ಆಮೇಲೆ ಅವನು ಏನು ಮಾಡಿದ ಗೊತ್ತೇ? ಮನೆಯಲ್ಲಿದ್ದ ಪ್ಲೇಟುಗಳನ್ನೆಲ್ಲ ಇಳಿಸಿಕೊಂಡು ಕೂತ. ಒಂದೊಂದನ್ನೇ ಹಚ್ಚಿ, ಹಾಡು ಮುಗಿದ ಮೇಲೂ ಮುಳ್ಳು ಎತ್ತದೆ ಬಿಟ್ಟ. ಎಷ್ಟೋ ಪ್ಲೇಟುಗಳಲ್ಲಿ ಹೆಸರಿನ ಕೂಗು ಬಿಟ್ಟು ಬೇರೇನೂ ಇರಲಿಲ್ಲ. ಒಂದರಲ್ಲಿ ಮುದಿ ಗವಾಯಿಯೊಬ್ಬ ಉಸ್ಸಪ್ಪಾ ಎಂದು ಉಸಿರು ಬಿಟ್ಟಿದ್ದ. ಒಂದರಲ್ಲಿ ಯಾರೋ ತಬಲಾದವನನ್ನು ಶಾಭಾಸ್ ಎಂದಿದ್ದರು. ಇನ್ನೊಂದರಲ್ಲಿ ಹಾಡಿದವಳು ಹೆಸರು ಹೇಳಲು ಹೋಗಿ ನಗು ತಡೆಯಲಾರದೆ ಕಿಸಕ್ಕನೆ ನಕ್ಕಿದ್ದಳು. ಹಾಡಿನಲ್ಲಿ ಅವರೆಲ್ಲ ದೊಡ್ಡವರು. ಇಲ್ಲಿ ಮನುಷ್ಯರು. ಮನೆಯ ಪ್ಲೇಟುಗಳ ಚೀಟಿಗಳೆಲ್ಲ ಗೀರಿಹೋದವು. ಕಪಾಟಿಗೆ ಕೀಲಿ ಹಾಕಿದ್ದ ಗೆಳೆಯ ಬಂದು ನೋಡಿ, ಇವನಿಗೆ ಅರುಳುಮರುಳು ಎಂದು ಹಣೆ ಬಡಿದುಕೊಂಡು ಹೋದ. ವರ್ತಕ ನಕ್ಕ. ಬಂದವರಿಗೆ ಪ್ಲೇಟು ಕೇಳಿಸುವುದನ್ನು ಬಿಡಲಿಲ್ಲ. ಎತ್ತುವುದನ್ನು ಬಿಟ್ಟ.

ಕತೆ ಮುಗಿದಿತ್ತು. ಅಜ್ಜನವರ ದನಿ ಬಿದ್ದುಹೋಗಿತ್ತು. ಕೊನೆಯ ಮಾತುಗಳನ್ನು ಅವರು ಬಹಳ ಕಷ್ಟಪಟ್ಟು ಹೇಳಿದ್ದರು. ಹೊರಗೆ ಪ್ರಸಾದದ ಗಂಟೆ ಹೊಡೆಯಿತು. ಪಂಕ್ತಿಗೆ ಎಲೆ ಹಾಕುವವರ ಮಾತು ಕೇಳಿಸುತ್ತಿತ್ತು.

ಗುರುಶಾಂತ ನೆಲ ನೋಡುತ್ತ ಕೂತಿದ್ದ. “ಹಂಗಾರ ಅಜ್ಜಾರ, ಕೆಮ್ಮನ್ನೂ ಇಟ್ಕೋಬೇಕೇನ್ರಿ?” ಎಂದು ಕೇಳಿದ. ಕೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು. ಅಜ್ಜನವರಿಗೆ ಕೆಮ್ಮು ಬಂದಿತ್ತು, ಕೆಮ್ಮಿದರು. ಕತೆ ಹೇಗೂ ಮುಗಿಯಿತೆಂದು ಗುರುಶಾಂತ ದಿನದ ಅಭ್ಯಾಸದಂತೆ ಮೊಬೈಲು ನಿಲ್ಲಿಸಲು ಮಣೆಯತ್ತ ಕೈ ಚಾಚಿದ.

ಅಜ್ಜನವರು ಆ ಕೈಯ ಮೇಲೆ ತಮ್ಮ ಕೈ ಇಟ್ಟರು.

“ಅದಿರ್ಲಿ ತಮ್ಮಾ, ಊಟ ಆತೇನು?”

ಗುರುಶಾಂತ ಮೊಬೈಲನ್ನು ನಿಲ್ಲಿಸದೆ ಕೈ ಹಿಂದಕ್ಕೆ ತೆಗೆದುಕೊಂಡ.